ಹತ್ತು ತಿಂಗಳ ಜಂಟಿ ಆಳ್ವಿಕೆ: ಸೆವೆರಸ್ ಮನೆಯ ಇಬ್ಬರು ಮಕ್ಕಳ ಪ್ರಕರಣ

ಕ್ರಿ.ಶ. 211ರ ಫೆಬ್ರವರಿ 4ರಂದು ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಬ್ರಿಟನ್ನಿನ ಎಬೊರಾಕಮ್‌ನಲ್ಲಿ ತೀರಿಕೊಂಡ. ಇವತ್ತಿನ ಯಾರ್ಕ್ ಅದು. ವಯಸ್ಸು 65. ಕ್ಯಾರಕಲ್ಲಾ, ಗೇಟಾ ಅಂತ ಇಬ್ಬರು ಗಂಡುಮಕ್ಕಳನ್ನು ಬಿಟ್ಟುಹೋದ. ಇಬ್ಬರೂ ಅಷ್ಟು ಹೊತ್ತಿಗೆ ಚಕ್ರವರ್ತಿಗಳೇ. ಅಪ್ಪ ಬದುಕಿದ್ದಾಗಲೇ ಪಟ್ಟ ಪಡೆದವರು. ಅದೇ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಚಿಕ್ಕವನು ಕೊಲೆಯಾದ. ಕೊಲ್ಲಿಸಿದ್ದು ಅಣ್ಣ. ಕೊಲೆ ನಡೆದದ್ದು ತಾಯಿಯ ಕೋಣೆಯಲ್ಲಿ.

ಅಣ್ಣ ಕ್ರೂರಿ, ತಮ್ಮ ಪಾಪದವನು ಅಂತ ಹೇಳಿ ಈ ಕಥೆಯನ್ನು ಮುಗಿಸುವವರೇ ಜಾಸ್ತಿ. ಅಣ್ಣ ಕ್ರೂರಿ ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ನನ್ನನ್ನು ಕಾಡುವುದು ಅಪ್ಪ. ಮಕ್ಕಳ ಜಗಳ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಂಡೂ ಕಾಣದ ಹಾಗೆ ಸುಮ್ನೆ ಕೂತವನಲ್ಲ. ವರ್ಷಗಟ್ಟಲೆ ಒಂದಾದ ಮೇಲೊಂದು ದಾರಿ ಹುಡುಕಿದ. ಯಾವ ದಾರಿ ಎಲ್ಲಿ ಕೈಕೊಟ್ಟಿತು ಅಂತ ನೋಡುವುದಕ್ಕೇ ಈ ಪ್ರಕರಣವನ್ನು ಎತ್ತಿಕೊಂಡಿದ್ದೇನೆ.

ಹೆಸರುಗಳ ಬಗ್ಗೆ ಒಂದು ಮಾತು. ಪ್ರಕರಣ ಅಧ್ಯಯನದಲ್ಲಿ ಗುರುತು ಮರೆಮಾಡುವುದು ರೂಢಿ. 1,800 ವರ್ಷ ಹಿಂದಿನ ಚಕ್ರವರ್ತಿಗಳ ವಿಷಯದಲ್ಲಿ ಅದರ ಅಗತ್ಯವಿಲ್ಲ. ಇದನ್ನು ನನ್ನ ಜೊತೆ ಕೂತು ಓದಿದ ಒಬ್ಬ ವಕೀಲರಿದ್ದಾರೆ. ಆಸ್ತಿ ಪಾಲಿನ ದಾವೆಗಳೇ ಅವರಿಗೆ ಹೆಚ್ಚು. ಅವರ ಹೆಸರು, ಊರು ಬಿಟ್ಟಿದ್ದೇನೆ. ಅವರು ಕೇಳಿದ ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪಟ್ಟ ಸಿಕ್ಕ ಬಗೆ

ಸೆವೆರಸ್ ಹುಟ್ಟಿದ್ದು 145ರಲ್ಲಿ, ಉತ್ತರ ಆಫ್ರಿಕಾದ ಲೆಪ್ಟಿಸ್ ಮ್ಯಾಗ್ನಾದಲ್ಲಿ. ಈಗಿನ ಲಿಬಿಯಾದ ಕಡಲತೀರದ ಊರು. ರಾಜಮನೆತನದವನಲ್ಲ. ಹುದ್ದೆಯಿಂದ ಹುದ್ದೆಗೆ ಏರಿ ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಒಂದು ಪ್ರಾಂತ್ಯದ ಅಧಿಪತಿಯಾಗಿದ್ದ.

192ರ ಕೊನೆಯ ದಿನ ಕಮೋಡಸ್ ಚಕ್ರವರ್ತಿಯನ್ನು ಕತ್ತು ಹಿಸುಕಿ ಕೊಂದರು. ಅವನ ಜಾಗಕ್ಕೆ ಬಂದ ಪರ್ಟಿನಾಕ್ಸ್ ಮೂರು ತಿಂಗಳೂ ಬಾಳಲಿಲ್ಲ. ಅವನನ್ನು ಕೊಂದದ್ದು ಅವನನ್ನು ಕಾಯಬೇಕಿದ್ದ ಪ್ರಿಟೋರಿಯನ್ ಪಡೆ. ಆಮೇಲೆ ಆ ಪಡೆ ಸಿಂಹಾಸನವನ್ನೇ ಹರಾಜಿಗಿಟ್ಟಿತು. ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಒಬ್ಬೊಬ್ಬ ಸೈನಿಕನಿಗೆ 25,000 ಸೆಸ್ಟರ್ಸ್ ಅಂತ ಕೂಗಿ ಅದನ್ನು ಕೊಂಡ. ಸುದ್ದಿ ತಲುಪಿದ ಕೂಡಲೇ ಡ್ಯಾನ್ಯೂಬ್ ಗಡಿಯ ಸೈನ್ಯ ಸೆವೆರಸ್‌ನನ್ನು ಚಕ್ರವರ್ತಿ ಅಂತ ಘೋಷಿಸಿತು. ಅವನು ರೋಮ್ ತಲುಪುವ ಮೊದಲೇ ಜೂಲಿಯಾನಸ್ ಸತ್ತಿದ್ದ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಪೂರ್ವದಲ್ಲಿ ನೈಗರ್, ಬ್ರಿಟನ್ನಿನಲ್ಲಿ ಆಲ್ಬಿನಸ್, ಹೀಗೆ ಸೆವೆರಸ್‌ಗೆ ಇಬ್ಬರು ಎದುರಾಳಿಗಳಿದ್ದರು. ಒಟ್ಟಿಗೆ ಇಬ್ಬರ ಮೇಲೂ ಯುದ್ಧ ಮಾಡುವುದು ಕಷ್ಟ. ಅದಕ್ಕೆ ಆಲ್ಬಿನಸ್‌ಗೆ 'ಸೀಸರ್' ಪದವಿ ಕೊಟ್ಟು ಸಮಾಧಾನ ಮಾಡಿದ. ಸೀಸರ್ ಅಂದರೆ ಆ ಕಾಲಕ್ಕೆ ಯುವರಾಜ ಇದ್ದ ಹಾಗೆ. ಪೂರ್ಣ ಚಕ್ರವರ್ತಿ ಅಂದರೆ 'ಆಗಸ್ಟಸ್'. 194ರಲ್ಲಿ ನೈಗರ್ ಸೋತು ಸತ್ತ. ಆಮೇಲೆ ಆಲ್ಬಿನಸ್ ಬೇಡವಾದ. ಸೀಸರ್ ಪದವಿ ಸೆವೆರಸ್‌ನ ಹಿರಿಮಗನಿಗೆ ಬಂತು. 197ರ ಫೆಬ್ರವರಿಯಲ್ಲಿ ಲುಗ್ಡುನಮ್ ಹತ್ತಿರ, ಅಂದರೆ ಈಗಿನ ಫ್ರಾನ್ಸಿನ ಲಿಯಾನ್ ಬಳಿ, ದೊಡ್ಡ ಯುದ್ಧ ನಡೆದು ಆಲ್ಬಿನಸ್ ಸತ್ತ. ಹಿರಿಮಗ ಹುಟ್ಟಿದ ಊರೂ ಅದೇ.

ಆಗ ಆ ಹುಡುಗನಿಗೆ ಒಂಬತ್ತರ ಹತ್ತಿರ. ಅಧಿಕಾರ ಹಂಚಿಕೊಳ್ಳುವುದು ಅಂದರೆ ಏನು ಅಂತ ಅವನು ಅಪ್ಪನಿಂದಲೇ ನೋಡಿ ಕಲಿತ. ಕೊಡುವ ಕಾಲಕ್ಕೆ ಕೊಡು, ಕೈ ಬಲವಾದ ಮೇಲೆ ಮುಗಿಸು.

ಒಂದು ವರ್ಷವೂ ಅಂತರವಿಲ್ಲದ ಅಣ್ಣತಮ್ಮ

ತಾಯಿ ಜೂಲಿಯಾ ಡೋಮ್ನಾ ಸಿರಿಯಾದ ಎಮೆಸಾದವಳು, ಇವತ್ತಿನ ಹೋಮ್ಸ್. ಅಲ್ಲಿನ ಸೂರ್ಯದೇವರ ಪೂಜಾರಿ ಮನೆತನದ ಮಗಳು. ಓದಿನಲ್ಲಿ ಆಸಕ್ತಿ, ರಾಜಕೀಯದಲ್ಲಿ ಚುರುಕು. ಹಿರಿಮಗ ಹುಟ್ಟಿದ್ದು 188ರ ಏಪ್ರಿಲ್‌ನಲ್ಲಿ, ಕಿರಿಯವನು 189ರಲ್ಲಿ.

ಹಿರಿಯವನಿಗೆ ಮೊದಲು ಇಟ್ಟ ಹೆಸರು ಬ್ಯಾಸಿಯಾನಸ್. ತಾಯಿಯ ತಂದೆಯ ಹೆಸರು. 195ರಲ್ಲಿ ಸೆವೆರಸ್ ಒಂದು ವಿಚಿತ್ರ ಕೆಲಸ ಮಾಡಿದ. ಸತ್ತು 15 ವರ್ಷವಾಗಿದ್ದ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ಗೆ ತಾನು ಮಗ ಅಂತ ಸಾರಿಕೊಂಡ. ಜನ ಗೌರವಿಸುತ್ತಿದ್ದ ಮನೆತನಕ್ಕೆ ತನ್ನನ್ನು ಅಂಟಿಸಿಕೊಂಡ. ಆಗ ಹಿರಿಮಗನ ಹೆಸರೂ ಬದಲಾಯಿತು: ಮಾರ್ಕಸ್ ಔರೇಲಿಯಸ್ ಆಂಟೊನೈನಸ್. ಇತಿಹಾಸ ಅವನನ್ನು ಕರೆಯುವುದು ಕ್ಯಾರಕಲ್ಲಾ ಅಂತ. ಅವನು ತೊಡುತ್ತಿದ್ದ ಗಾಲ್ ನಾಡಿನ ಟೊಪ್ಪಿಗೆಯ ನಿಲುವಂಗಿಯಿಂದ ಬಂದ ಅಡ್ಡಹೆಸರು ಅದು. ನಾನೂ ಹಾಗೇ ಕರೆಯುತ್ತೇನೆ.

ಕಿರಿಯವನು ಗೇಟಾ. ಅದು ಸೆವೆರಸ್‌ನ ತಂದೆಯ ಹೆಸರು, ಸೆವೆರಸ್‌ನ ಅಣ್ಣತಮ್ಮಂದಿರಲ್ಲೊಬ್ಬನ ಹೆಸರೂ ಹೌದು. ಅಂದರೆ ಒಬ್ಬ ಮಗನಿಗೆ ಚಕ್ರವರ್ತಿಯ ಹೆಸರು, ಇನ್ನೊಬ್ಬನಿಗೆ ಅಜ್ಜನ ಹೆಸರು. ಮನೆಯೊಳಗೆ ಎತ್ತರ ತಗ್ಗು ಶುರುವಾದದ್ದು ಇಲ್ಲಿಂದಲೇ ಅಂತ ನನಗನಿಸುತ್ತದೆ.

198ರ ಜನವರಿಯಲ್ಲಿ ಸೆವೆರಸ್‌ನ ಸೈನ್ಯ ಪೂರ್ವದ ನೆರೆಯ ಶತ್ರುಗಳಾದ ಪಾರ್ಥಿಯನ್ನರ ರಾಜಧಾನಿ ಟೆಸಿಫೋನ್ ಹಿಡಿಯಿತು. ಆ ಗೆಲುವಿನ ಸಂಭ್ರಮದಲ್ಲಿ ಒಂಬತ್ತು ವರ್ಷದ ಕ್ಯಾರಕಲ್ಲಾ ಆಗಸ್ಟಸ್ ಆದ. ಗೇಟಾ ಸೀಸರ್ ಆದ. ಗೇಟಾ ಆಗಸ್ಟಸ್ ಆಗಲು 209ರವರೆಗೆ ಕಾಯಬೇಕಾಯಿತು. ಹನ್ನೊಂದು ವರ್ಷ! ಹುಟ್ಟಿನಲ್ಲಿ ಒಂದು ವರ್ಷದ ಅಂತರವೂ ಇಲ್ಲದ ಇಬ್ಬರ ನಡುವೆ ಪದವಿಯಲ್ಲಿ ಹನ್ನೊಂದು ವರ್ಷದ ಅಂತರ.

ವಕೀಲರು ಇಲ್ಲಿ ತಡೆದು ಕೇಳಿದರು. "ಅಷ್ಟು ವರ್ಷ ಒಬ್ಬನನ್ನೇ ಮೇಲೆ ಕೂರಿಸಿದ ಮೇಲೆ ಅವನಿಗೇ ಎಲ್ಲ ಬಿಟ್ಟಿದ್ದರೆ ಆಗ್ತಿತ್ತಲ್ಲ? ಕಿರಿಯವನನ್ನ ಕೊನೇಲಿ ಸಮ ಮಾಡಿದ್ದು ಯಾಕೆ?"

ಒಳ್ಳೆಯ ಪ್ರಶ್ನೆ. ರೋಮಿನಲ್ಲಿ ಹಿರಿಮಗನಿಗೇ ಪಟ್ಟ ಅನ್ನುವ ಕಾನೂನು ಇರಲಿಲ್ಲ. ಸೆನೆಟ್, ಅಂದರೆ ರೋಮಿನ ಹಿರಿಯರ ಸಭೆ, ಅಧಿಕಾರ ಕೊಡುತ್ತಿತ್ತು, ಸೈನ್ಯ ಜೈಕಾರ ಹಾಕುತ್ತಿತ್ತು. ಹಾಗಾಗಿ ಪಟ್ಟವಿಲ್ಲದೆ ಉಳಿದ ಚಕ್ರವರ್ತಿಯ ಮಗ ಯಾವಾಗಲೂ ಅಪಾಯವೇ. ಹಿಂದಿನ ಚಕ್ರವರ್ತಿ ಟೈಬೀರಿಯಸ್ ತನ್ನ ಮೊಮ್ಮಗ ಗೆಮೆಲ್ಲಸ್‌ನನ್ನೂ ಕ್ಯಾಲಿಗುಲಾನನ್ನೂ ಜೊತೆ ವಾರಸುದಾರರಾಗಿ ಮಾಡಿದ್ದ. ಕ್ಯಾಲಿಗುಲಾ ಆ ಉಯಿಲನ್ನು ರದ್ದು ಮಾಡಿಸಿ, ಸ್ವಲ್ಪ ಕಾಲದಲ್ಲೇ ಗೆಮೆಲ್ಲಸ್‌ನನ್ನು ಸಾಯಿಸಿದ. ಚಕ್ರವರ್ತಿ ಕ್ಲಾಡಿಯಸ್‌ನ ಸ್ವಂತ ಮಗ ಬ್ರಿಟಾನಿಕಸ್, ನೀರೋ ಪಟ್ಟಕ್ಕೆ ಬಂದ ಮರುವರ್ಷವೇ, 55ರಲ್ಲಿ, ಊಟದ ಪಂಕ್ತಿಯಲ್ಲಿ ಕುಸಿದು ಸತ್ತ. ಇದೆಲ್ಲ ಸೆವೆರಸ್‌ಗೆ ತಿಳಿಯದ್ದಲ್ಲ. ಗೇಟಾನನ್ನು ಆಗಸ್ಟಸ್ ಮಾಡಿದ್ದು ಅವನ ಜೀವ ಉಳಿಸುವುದಕ್ಕೆ ಅಂತಲೇ ನಾನು ಓದುತ್ತೇನೆ.

ಇಬ್ಬರು ಚಕ್ರವರ್ತಿಗಳು ಒಟ್ಟಿಗೆ ಆಳಿದ ಉದಾಹರಣೆಯೂ ಇತ್ತು. 161ರಲ್ಲಿ ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೀರಸ್. ದತ್ತು ಸಹೋದರರು. ಆದರೆ ಮಾರ್ಕಸ್ ಒಂಬತ್ತು ವರ್ಷ ದೊಡ್ಡವನು. ಯಾರ ಮಾತು ಮೇಲು ಅನ್ನುವುದರಲ್ಲಿ ವೀರಸ್‌ಗೂ ಗೊಂದಲವಿರಲಿಲ್ಲ. ಸೆವೆರಸ್ ಅದರ ಹೊರಮೈಯನ್ನು ಮಾತ್ರ ತೆಗೆದುಕೊಂಡ.

ಅಪ್ಪ ಹುಡುಕಿದ ದಾರಿಗಳು

ಮೊದಲ ದಾರಿ ಮದುವೆ. ಪ್ರಿಟೋರಿಯನ್ ಪಡೆಯ ಮುಖ್ಯಸ್ಥ ಪ್ಲೌಟಿಯಾನಸ್ ಸೆವೆರಸ್‌ನ ಊರಿನವನೇ, ಬಲಗೈ ಬಂಟ. ಅವನ ಮಗಳು ಪ್ಲೌಟಿಲ್ಲಾಳನ್ನು 202ರಲ್ಲಿ ಕ್ಯಾರಕಲ್ಲಾನಿಗೆ ತಂದುಕೊಂಡರು. ಹುಡುಗನಿಗೆ ಹದಿನಾಲ್ಕು. ಹೆಂಡತಿಯನ್ನು ಕಂಡರೆ ಆಗುತ್ತಿರಲಿಲ್ಲ, ಮಾವನನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ. 205ರ ಜನವರಿಯಲ್ಲಿ ಮಾವ ಸಂಚು ಹೂಡಿದ್ದಾನೆ ಅಂತ ಆರೋಪ ಹೊರಿಸಿ, ಅರಮನೆಯಲ್ಲೇ ಕೊಲ್ಲಿಸಿದ. ಹೆಂಡತಿಯನ್ನು ಲಿಪಾರಿ ದ್ವೀಪಕ್ಕೆ ಗಡಿಪಾರು ಮಾಡಿದರು.

ಆ ಕಾಲದಲ್ಲಿ ಸೆನೆಟ್ ಸದಸ್ಯನಾಗಿದ್ದ ಕ್ಯಾಸಿಯಸ್ ಡಿಯೋ ಇದರ ಪರಿಣಾಮವನ್ನು ಬರೆದಿಟ್ಟಿದ್ದಾನೆ. ಕಾವಲಿಗಿದ್ದ ಮೇಷ್ಟ್ರು ತೊಲಗಿದ ಹಾಗೆ ಇಬ್ಬರು ಹುಡುಗರೂ ಹದ್ದು ಮೀರಿದರಂತೆ. ಒಬ್ಬ ಹೌದು ಅಂದದ್ದನ್ನು ಇನ್ನೊಬ್ಬ ಅಲ್ಲ ಅನ್ನಲೇಬೇಕು. ಒಮ್ಮೆ ಇಬ್ಬರೂ ಕುದುರೆಮರಿಗಳ ಗಾಡಿ ಕಟ್ಟಿಕೊಂಡು ಪಂದ್ಯಕ್ಕಿಳಿದರು. ಎಷ್ಟು ಹಟದಿಂದ ಓಡಿಸಿದರೆಂದರೆ ಕ್ಯಾರಕಲ್ಲಾ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ.

ಎರಡನೆಯ ದಾರಿ, ಒಗ್ಗಟ್ಟನ್ನು ಸಾರುವುದು. 205ರಲ್ಲೂ 208ರಲ್ಲೂ ಅಣ್ಣತಮ್ಮ ಇಬ್ಬರನ್ನೂ ಜೊತೆ ಕಾನ್ಸಲ್ ಮಾಡಿದ, ಅಂದರೆ ರೋಮಿನ ಅತಿ ಹಿರಿಯ ವಾರ್ಷಿಕ ಹುದ್ದೆ ಕೊಟ್ಟ. ನಾಣ್ಯಗಳ ಮೇಲೆ 'ಕಾಂಕೋರ್ಡಿಯಾ' ಅಂತ ಅಚ್ಚಾಯಿತು, ಅಂದರೆ ಒಮ್ಮತದ ದೇವತೆ. ಲೆಪ್ಟಿಸ್ ಮ್ಯಾಗ್ನಾದ ಕಮಾನಿನ ಮೇಲೆ ಅಪ್ಪ ಹಿರಿಮಗನ ಕೈಹಿಡಿದು ನಿಂತಿದ್ದಾನೆ, ನಡುವೆ ಗೇಟಾ ಇದ್ದಾನೆ. ಆ ಕೆತ್ತನೆಯ ಚಿತ್ರ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಹೊತ್ತಿಗೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಪ್ಪ ಕಲ್ಲಿನಲ್ಲಿ ಹರಕೆ ಕಟ್ಟಿಕೊಂಡ ಹಾಗಿದೆ ಅದು.

ಮೂರನೆಯ ದಾರಿ, ರೋಮಿನಿಂದ ದೂರ ಒಯ್ಯುವುದು. 208ರಲ್ಲಿ ಬ್ರಿಟನ್ನಿನ ಉತ್ತರದ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೊರಟ. ವಾತರೋಗದಿಂದ ನಡೆಯಲೂ ಆಗದವನು, ಹೆಚ್ಚಿನ ದಾರಿಯನ್ನು ಪಲ್ಲಕ್ಕಿಯಲ್ಲೇ ಸವೆಸಿದ. ಹೆಂಡತಿ, ಇಬ್ಬರು ಮಕ್ಕಳು, ಇಡೀ ಆಸ್ಥಾನ ಜೊತೆಗೆ. ರೋಮಿನ ಪಂದ್ಯ, ನಾಟಕ, ಹೊಗಳುಭಟರಿಂದ ಹುಡುಗರನ್ನು ಬಿಡಿಸಿ ಸೈನ್ಯದ ಶಿಸ್ತಿಗೆ ಹಚ್ಚಬೇಕು ಅನ್ನುವುದೂ ಅವನ ಲೆಕ್ಕ ಅಂತ ಆ ಕಾಲದ ಇನ್ನೊಬ್ಬ ಇತಿಹಾಸಕಾರ ಹೆರೋಡಿಯನ್ ಹೇಳುತ್ತಾನೆ.

ಬ್ರಿಟನ್ನಿನಲ್ಲಿ ಸೆವೆರಸ್ ಮಾಡಿದ ಒಂದು ಏರ್ಪಾಡು ನನಗೆ ಮೆಚ್ಚುಗೆಯಾದದ್ದು. ಮೊದಲ ಸಲ ಮಕ್ಕಳಿಗೆ ಬೇರೆ ಬೇರೆ ಕೆಲಸ ಕೊಟ್ಟ. ಕ್ಯಾರಕಲ್ಲಾ ಅಪ್ಪನ ಜೊತೆ ರಣರಂಗಕ್ಕೆ. ಗೇಟಾ ತಾಯಿಯ ಜೊತೆ ದಕ್ಷಿಣದಲ್ಲಿ ಉಳಿದು ಆಡಳಿತ, ನ್ಯಾಯ ನೋಡಿಕೊಳ್ಳುವುದು. 209ರಲ್ಲಿ ಗೇಟಾ ಆಗಸ್ಟಸ್ ಆದದ್ದೂ ಇದೇ ಹೊತ್ತಿನಲ್ಲಿ. ಇಪ್ಪತ್ತರ ಹುಡುಗನಿಗೆ ಮೊದಲ ಸಲ ತನ್ನದು ಅನ್ನುವ ಒಂದು ಜಾಗ ಸಿಕ್ಕಿತು. ಹತ್ತು ವರ್ಷ ಮೊದಲೇ ಇದನ್ನು ಶುರುಮಾಡಿದ್ದರೆ ಏನಾಗುತ್ತಿತ್ತೋ. ಇದು ನಡೆದದ್ದು ಎರಡು ವರ್ಷ ಅಷ್ಟೇ.

ಬೆನ್ನ ಹಿಂದಿನ ಕತ್ತಿ

ಇಡೀ ಪ್ರಕರಣದ ತಿರುವು ಬ್ರಿಟನ್ನಿನ ಒಂದು ದಿನದಲ್ಲಿದೆ. ಡಿಯೋ ಅದನ್ನು ವಿವರವಾಗಿ ಬರೆದಿದ್ದಾನೆ.

ಉತ್ತರ ಬ್ರಿಟನ್ನಿನ ಬುಡಕಟ್ಟಿನವರಾದ ಕ್ಯಾಲಿಡೋನಿಯನ್ನರು ಶರಣಾಗಲು ಒಪ್ಪಿದ್ದರು. ಅವರ ಆಯುಧ ಪಡೆದು ಷರತ್ತು ಮಾತಾಡಲು ಸೆವೆರಸ್ ಮತ್ತು ಕ್ಯಾರಕಲ್ಲಾ ಕುದುರೆ ಮೇಲೆ ಹೊರಟರು. ಹಿಂದೆ ರೋಮಿನ ಸೈನ್ಯ, ಎದುರಿಗೆ ಶತ್ರು ಸೈನ್ಯ. ನಡುವೆ ಕ್ಯಾರಕಲ್ಲಾ ಕುದುರೆ ನಿಲ್ಲಿಸಿ ಕತ್ತಿ ಹಿರಿದ, ಅಪ್ಪನ ಬೆನ್ನಿಗೆ ಹೊಡೆಯುವವನ ಹಾಗೆ. ಜೊತೆಗಿದ್ದವರು ಕಿರುಚಿದರು. ಸೆವೆರಸ್ ತಿರುಗಿ ನೋಡಿದ. ಕತ್ತಿ ಕಂಡಿತು. ಒಂದು ಮಾತೂ ಆಡಲಿಲ್ಲ. ವೇದಿಕೆ ಹತ್ತಿ, ಆಗಬೇಕಾದ ಕೆಲಸ ಮುಗಿಸಿ, ಬಿಡಾರಕ್ಕೆ ಮರಳಿದ.

ಆಮೇಲೆ ಮಗನನ್ನು ಕರೆಸಿದ. ಆಗ ಪ್ರಿಟೋರಿಯನ್ ಪಡೆಯ ಮುಖ್ಯಸ್ಥನಾಗಿದ್ದ ನ್ಯಾಯಶಾಸ್ತ್ರಜ್ಞ ಪ್ಯಾಪಿನಿಯನ್‌ನನ್ನೂ, ಅರಮನೆಯ ನಂಬಿಕಸ್ಥ ಕ್ಯಾಸ್ಟರ್‌ನನ್ನೂ ಕರೆಸಿದ. ಕೈಗೆಟಕುವ ಹಾಗೆ ಒಂದು ಕತ್ತಿ ಇಡಿಸಿದ. ಎಲ್ಲರ ಎದುರಿಗೆ, ಶತ್ರುಗಳ ಎದುರಿಗೆ ಇಂಥ ಕೆಲಸಕ್ಕೆ ಕೈಹಾಕಿದೆಯಲ್ಲ ಅಂತ ಮಗನನ್ನು ಬೈದ. ಕೊನೆಗೆ ಹೇಳಿದ ಮಾತಿನ ಸಾರ ಇಷ್ಟು: ನನ್ನನ್ನು ಕೊಲ್ಲುವುದೇ ನಿನ್ನ ಆಸೆಯಾದರೆ ಇಲ್ಲೇ ಮುಗಿಸು. ನಿನಗೆ ಬಲ ಇದೆ, ನಾನು ಮುದುಕ, ಮಲಗಿದ್ದೇನೆ. ಸ್ವಂತ ಕೈಯಿಂದ ಬೇಡ ಅನ್ನಿಸಿದರೆ ಪ್ಯಾಪಿನಿಯನ್ ಪಕ್ಕದಲ್ಲೇ ನಿಂತಿದ್ದಾನೆ, ಅವನಿಗೆ ಹೇಳು. ನೀನೂ ಚಕ್ರವರ್ತಿಯೇ, ನೀನು ಹೇಳಿದ್ದನ್ನು ಅವನು ಮಾಡಿಯೇ ಮಾಡುತ್ತಾನೆ.

ಮಗ ಏನೂ ಮಾಡಲಿಲ್ಲ. ಅಪ್ಪನೂ ಏನೂ ಮಾಡಲಿಲ್ಲ. ಶಿಕ್ಷೆ ಇಲ್ಲ, ಪದವಿ ಇಳಿಸಿದ್ದಿಲ್ಲ. 210ರಲ್ಲಿ ಸೆವೆರಸ್ ಕಾಯಿಲೆ ಬಿದ್ದಾಗ ದಂಡಯಾತ್ರೆ ನಡೆಸಲು ಹೊರಟವನು ಅದೇ ಕ್ಯಾರಕಲ್ಲಾ.

ಡಿಯೋ ಇಲ್ಲಿ ಒಂದು ಮಾತು ಸೇರಿಸುತ್ತಾನೆ. ಕಮೋಡಸ್‌ನಂಥ ಮಗನನ್ನು ಸದ್ದಿಲ್ಲದೆ ಮುಗಿಸಲಿಲ್ಲ ಅಂತ ಸೆವೆರಸ್ ಮಾರ್ಕಸ್ ಔರೇಲಿಯಸ್‌ನನ್ನು ಎಷ್ಟೋ ಸಲ ದೂರಿದ್ದನಂತೆ. ತನ್ನ ಸರದಿ ಬಂದಾಗ ಅವನ ಕೈಲೂ ಆಗಲಿಲ್ಲ. ರಾಜ್ಯಕ್ಕಿಂತ ಮಕ್ಕಳ ಮೇಲಿನ ಪ್ರೀತಿ ದೊಡ್ಡದಾಯಿತು ಅನ್ನುವುದು ಡಿಯೋನ ತೀರ್ಮಾನ. ಮಗನನ್ನು ಕೊಲ್ಲಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಕೊಲ್ಲುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಎಷ್ಟೋ ದಾರಿಗಳಿದ್ದವು. ಸೈನ್ಯವನ್ನು ಅವನ ಕೈಯಿಂದ ತೆಗೆಯಬಹುದಿತ್ತು. ಗೇಟಾನನ್ನು ಆ ಕೂಡಲೇ ದೂರದ ಪ್ರಾಂತ್ಯಕ್ಕೆ, ಅಲ್ಲಿನ ಸೈನ್ಯದ ಜೊತೆ ಕಳಿಸಬಹುದಿತ್ತು. ಮಗ ಕತ್ತಿ ಹಿರಿದದ್ದನ್ನು ಎರಡು ಸೈನ್ಯಗಳು ಕಂಡಿದ್ದವು. ಆದರೂ ಏನೂ ಆಗಲಿಲ್ಲ ಅನ್ನುವುದನ್ನೂ ಕಂಡವು. ಕ್ಯಾರಕಲ್ಲಾ ಅದನ್ನು ಮರೆಯಲಿಲ್ಲ.

ಸಾಯುವಾಗ ಸೆವೆರಸ್ ಮಕ್ಕಳಿಗೆ ಹೇಳಿದ್ದು ಮೂರು ಮಾತು: ಇಬ್ಬರೂ ಹೊಂದಿಕೊಂಡಿರಿ, ಸೈನಿಕರ ಕೈ ತುಂಬಿಸಿ, ಉಳಿದವರ ಚಿಂತೆ ಬಿಡಿ. ಮೊದಲ ಮಾತನ್ನು ಯಾರೂ ಕೇಳಲಿಲ್ಲ. ಎರಡನೆಯದನ್ನು ಹಿರಿಮಗ ಚಾಚೂ ತಪ್ಪದೆ ಪಾಲಿಸಿದ.

211: ಫೆಬ್ರವರಿಯಿಂದ ಡಿಸೆಂಬರ್

ಅಪ್ಪ ಕಣ್ಣು ಮುಚ್ಚಿದ ಕೂಡಲೇ ಕ್ಯಾರಕಲ್ಲಾ ಒಬ್ಬನೇ ಚಕ್ರವರ್ತಿಯಾಗಲು ಸೈನ್ಯವನ್ನು ಒಲಿಸಿಕೊಳ್ಳಲು ನೋಡಿದ. ಸೈನಿಕರು ಒಪ್ಪಲಿಲ್ಲ. ಅವರು ಇಬ್ಬರಿಗೂ ನಿಷ್ಠೆಯ ಪ್ರಮಾಣ ಮಾಡಿದ್ದರು. ಅಲ್ಲದೆ ಗೇಟಾ ನೋಡಲು ಥೇಟ್ ಅಪ್ಪನ ಹಾಗೇ ಇದ್ದ. ಅದಕ್ಕೇ ಅವನ ಮೇಲೆ ಅವರಿಗೆ ಅಕ್ಕರೆ.

ಹಾಗಾಗಿ ಕ್ಯಾರಕಲ್ಲಾ ತಮ್ಮನನ್ನು ಬಿಟ್ಟು ಸುತ್ತಲಿದ್ದವರನ್ನು ಮೊದಲು ತೆಗೆದ. ಪ್ಯಾಪಿನಿಯನ್‌ನನ್ನು ಹುದ್ದೆಯಿಂದ ಇಳಿಸಿದ. ಕ್ಯಾಸ್ಟರ್‌ನನ್ನು ಕೊಲ್ಲಿಸಿದ. ತನ್ನನ್ನು ಚಿಕ್ಕಂದಿನಿಂದ ಸಾಕಿ ಬೆಳೆಸಿದ ಯುವೋಡಸ್‌ನನ್ನು ಕೊಲ್ಲಿಸಿದ. ದ್ವೀಪದಲ್ಲಿದ್ದ ಪ್ಲೌಟಿಲ್ಲಾಳನ್ನೂ ಬಿಡಲಿಲ್ಲ. ಇದನ್ನು ಓದುವಾಗ ವಕೀಲರು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಟು ಎಳೆದರು. "ಮನೇಲಿ ಇಬ್ಬರಿಗೂ ಬುದ್ಧಿ ಹೇಳುವ ಹಿರಿಯರು ಯಾರಿದ್ದರೋ ಅವರನ್ನೆಲ್ಲ ಇವನು ಖಾಲಿ ಮಾಡಿದ. ಇನ್ನು ಉಳಿದಿದ್ದು ತಾಯಿ ಒಬ್ಬಳೇ" ಅಂದರು. ನನ್ನ ಕಣ್ಣಿಗೆ ಅದುವರೆಗೆ ಅದು ಬರೀ ಕೊಲೆಗಳ ಪಟ್ಟಿಯಾಗಿತ್ತು.

ಅಪ್ಪನ ಬೂದಿಯ ಕರಂಡಕ ಹೊತ್ತು ಬ್ರಿಟನ್ನಿನಿಂದ ರೋಮಿಗೆ ಬರುವಾಗ ಅಣ್ಣತಮ್ಮ ಒಂದೇ ಬಿಡಾರದಲ್ಲಿ ತಂಗಲಿಲ್ಲ, ಒಟ್ಟಿಗೆ ಕೂತು ಉಣ್ಣಲಿಲ್ಲ. ವಿಷದ ಭಯ. ರೋಮಿಗೆ ಬಂದ ಮೇಲೆ ಅರಮನೆಯನ್ನು ಎರಡು ಭಾಗ ಮಾಡಿಕೊಂಡರು. ಒಳಗಿನ ಓಡಾಟದ ಬಾಗಿಲುಗಳನ್ನೆಲ್ಲ ಮುಚ್ಚಿಸಿದರು. ಹೊರಗಿನ ಸಾರ್ವಜನಿಕ ಬಾಗಿಲುಗಳು ಮಾತ್ರ ಇಬ್ಬರಿಗೂ ಸೇರಿದ್ದು. ಇಬ್ಬರಿಗೂ ಬೇರೆ ಬೇರೆ ಕಾವಲು. ಯಾವ ಹುದ್ದೆಗೆ ಯಾರು ಅನ್ನುವುದರಿಂದ ಹಿಡಿದು ಪಂದ್ಯದಲ್ಲಿ ಯಾವ ತಂಡ ಗೆಲ್ಲಬೇಕು ಅನ್ನುವವರೆಗೆ ಎಲ್ಲದಕ್ಕೂ ಜಗಳ.

ಆಗ ಬಂದದ್ದು ಸಾಮ್ರಾಜ್ಯವನ್ನೇ ಪಾಲು ಮಾಡುವ ಯೋಜನೆ. ಹೆರೋಡಿಯನ್ ಹೇಳುವ ಪ್ರಕಾರ ಯೂರೋಪ್ ಪೂರ್ತಿ ಕ್ಯಾರಕಲ್ಲಾನಿಗೆ, ಏಷ್ಯಾ ಗೇಟಾನಿಗೆ. ಆಫ್ರಿಕಾದ ಪಶ್ಚಿಮ ಭಾಗ ಅಣ್ಣನಿಗೆ, ಈಜಿಪ್ಟ್ ಸೇರಿ ಪೂರ್ವ ಭಾಗ ತಮ್ಮನಿಗೆ. ಗೇಟಾನ ರಾಜಧಾನಿ ಆಂಟಿಯೋಕ್ ಅಥವಾ ಅಲೆಕ್ಸಾಂಡ್ರಿಯಾ. ಸೆನೆಟ್ ಸದಸ್ಯರಲ್ಲಿ ಯೂರೋಪಿನವರು ರೋಮಿನಲ್ಲಿ ಉಳಿಯುವುದು, ಏಷ್ಯಾದವರು ಗೇಟಾನ ಜೊತೆ ಹೋಗುವುದು. ತಂದೆಯ ಸ್ನೇಹಿತರೆಲ್ಲ ಕೂತಿದ್ದ ಸಭೆ. ಎಲ್ಲರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಆಗ ಜೂಲಿಯಾ ಡೋಮ್ನಾ ಎದ್ದಳು. ನೆಲ, ಕಡಲು ಹಂಚಿಕೊಳ್ಳಲು ದಾರಿ ಕಂಡುಕೊಂಡಿರಿ ಮಕ್ಕಳೇ, ತಾಯಿಯನ್ನು ಹೇಗೆ ಹಂಚಿಕೊಳ್ಳುತ್ತೀರಿ? ಮೊದಲು ನನ್ನನ್ನು ಕೊಂದು, ತಲಾ ಒಂದು ಪಾಲು ಒಯ್ದು ನಿಮ್ಮ ನಿಮ್ಮ ನೆಲದಲ್ಲಿ ಹೂಳಿ. ಹೀಗಂದು ಅತ್ತು ಇಬ್ಬರನ್ನೂ ತಬ್ಬಿಕೊಂಡಳು. ಸಭೆ ಮುಗಿಯಿತು. ಯೋಜನೆ ಬಿದ್ದುಹೋಯಿತು.

ಈ ಸಭೆ ಹೀಗೇ ನಡೆಯಿತೇ ಅಂತ ಅನುಮಾನಿಸುವ ಇತಿಹಾಸಕಾರರಿದ್ದಾರೆ. ಡಿಯೋ ಇದರ ಬಗ್ಗೆ ಹೇಳುವುದಿಲ್ಲ. ಆದರೆ ಮುಂದೆ ನಡೆದದ್ದರಲ್ಲಿ ಅನುಮಾನವಿಲ್ಲ.

ಡಿಸೆಂಬರ್ ನಡುವಿನ ಸ್ಯಾಟರ್ನೇಲಿಯಾ ಹಬ್ಬದಲ್ಲಿ ಗೇಟಾನನ್ನು ಮುಗಿಸುವ ಯೋಚನೆಯಿತ್ತು. ಕಾವಲು ಬಿಗಿಯಾಗಿದ್ದರಿಂದ ಆಗಲಿಲ್ಲ. ಆಮೇಲೆ ಕ್ಯಾರಕಲ್ಲಾ ತಾಯಿಯ ಹತ್ತಿರ ಹೋಗಿ ರಾಜಿ ಆಗೋಣ, ಇಬ್ಬರನ್ನೂ ನಿನ್ನ ಕೋಣೆಗೆ ಕರೆಸು, ಬೇರೆ ಯಾರೂ ಬೇಡ ಅಂತ ಕೇಳಿಕೊಂಡ. ತಾಯಿ ನಂಬಿದಳು. ತಾಯಿ ಕರೆದಳು ಅಂತ ಗೇಟಾ ಕಾವಲಿಲ್ಲದೆ ಬಂದ. ಒಳಗೆ ಬಂದ ಮೇಲೆ, ಮೊದಲೇ ಹೇಳಿಟ್ಟಿದ್ದ ಸೈನ್ಯದ ತುಕಡಿ ನಾಯಕರು ನುಗ್ಗಿದರು. ಗೇಟಾ ಓಡಿ ತಾಯಿಯ ಕುತ್ತಿಗೆಗೆ ಜೋತುಬಿದ್ದ. "ಅಮ್ಮಾ, ಹೆತ್ತಮ್ಮಾ, ಕಾಪಾಡು, ಕೊಲ್ತಿದ್ದಾರೆ" ಅಂತ ಕೂಗಿದ. ಅವಳ ಎದೆಗೆ ಅಂಟಿಕೊಂಡಿದ್ದ ಹಾಗೇ ಕೊಂದರು. ಅವಳ ಮೈಯೆಲ್ಲ ಮಗನ ರಕ್ತ. ಅವಳ ಕೈಗೂ ಗಾಯವಾಗಿತ್ತು, ಅದು ಅವಳ ಗಮನಕ್ಕೇ ಬರಲಿಲ್ಲ. ಗೇಟಾನಿಗೆ 22 ವರ್ಷ. ಅವನಿಗಾಗಿ ಅಳಲೂ ತಾಯಿಗೆ ಅವಕಾಶವಿರಲಿಲ್ಲ, ಖುಷಿಯಾಗಿರುವ ಹಾಗೆ ಕಾಣಬೇಕಿತ್ತು ಅಂತ ಡಿಯೋ ಬರೆಯುತ್ತಾನೆ.

ಕೊಲೆಯ ನಂತರ

ಕ್ಯಾರಕಲ್ಲಾ ನೇರ ಪ್ರಿಟೋರಿಯನ್ ಪಡೆಯ ಪಾಳೆಯಕ್ಕೆ ಓಡಿದ. ನನ್ನ ಮೇಲೇ ಸಂಚು ನಡೆದಿತ್ತು, ಹೇಗೋ ಬದುಕಿ ಬಂದೆ ಅಂದ. ಒಬ್ಬೊಬ್ಬನಿಗೆ 2,500 ಡಿನೇರಿಯಸ್ ಕೊಡುವುದಾಗಿ ಹೇಳಿದ ಅಂತ ಹೆರೋಡಿಯನ್ ಲೆಕ್ಕ ಕೊಡುತ್ತಾನೆ. ರೋಮಿನ ಹತ್ತಿರ ಆಲ್ಬಾದಲ್ಲಿದ್ದ ಸೈನ್ಯ, ನಾವು ಇಬ್ಬರು ಮಕ್ಕಳಿಗೂ ಪ್ರಮಾಣ ಮಾಡಿದವರು ಅಂತ ಬಾಗಿಲು ಹಾಕಿಕೊಂಡಿತ್ತಂತೆ. ದುಡ್ಡು ಬಂದ ಮೇಲೆ ಬಾಗಿಲು ತೆರೆಯಿತು. ಹತ್ತು ತಿಂಗಳು ಗೇಟಾನನ್ನು ಕಾಪಾಡಿದ್ದ ಪ್ರಮಾಣಕ್ಕೂ ಒಂದು ಬೆಲೆ ಕಟ್ಟಲಾಯಿತು.

ಗೇಟಾನ ಕಡೆಯವರು ಅಂತ 20,000 ಜನರನ್ನು ಕೊಂದರು ಅಂತ ಡಿಯೋ ಹೇಳುತ್ತಾನೆ. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು, ಭಯ ಮಾತ್ರ ನಿಜ. ಪ್ಯಾಪಿನಿಯನ್ ಸತ್ತ. ಮಾರ್ಕಸ್ ಔರೇಲಿಯಸ್‌ನ ಮಗಳು ಕಾರ್ನಿಫಿಷಿಯಾ, ಆಗಲೇ ವಯಸ್ಸಾದ ಹೆಂಗಸು, ಗೇಟಾನಿಗಾಗಿ ಅತ್ತಳು ಅನ್ನುವ ಕಾರಣಕ್ಕೆ ಸತ್ತಳು.

ಆಮೇಲೆ ಹೆಸರು ಅಳಿಸುವ ಕೆಲಸ. ರೋಮಿನ ಫೋರಮ್‌ನಲ್ಲಿ 203ರ ಸೆವೆರಸ್ ಕಮಾನು ಈಗಲೂ ನಿಂತಿದೆ. ಅದರ ಮೇಲಿನ ಶಾಸನದ ಲೋಹದ ಅಕ್ಷರಗಳನ್ನು ಕಲ್ಲಿನಲ್ಲಿ ತೂತು ಕೊರೆದು ಕೂರಿಸಿದ್ದರು. ನಾಲ್ಕನೆಯ ಸಾಲಿನಲ್ಲಿದ್ದ ಗೇಟಾನ ಹೆಸರು ಕಿತ್ತು, ಅಪ್ಪನನ್ನೂ ಅಣ್ಣನನ್ನೂ ಹೊಗಳುವ ಬೇರೆ ಪದಗಳನ್ನು ಹಾಕಿದರು. ಹಳೆಯ ತೂತುಗಳು ಹಾಗೇ ಉಳಿದವು. ವಿದ್ವಾಂಸರು ಆ ತೂತುಗಳನ್ನು ಜೋಡಿಸಿ ಮೊದಲಿನ ಹೆಸರನ್ನು ಓದಿದರು. ಈಜಿಪ್ಟಿನಲ್ಲಿ ಸಿಕ್ಕ, ಈಗ ಬರ್ಲಿನ್ನಿನಲ್ಲಿರುವ ಮರದ ಹಲಗೆಯ ವರ್ಣಚಿತ್ರವೊಂದಿದೆ. ದುಂಡಗಿನ ಹಲಗೆ, ಮನೆಯವರೆಲ್ಲ ಒಟ್ಟಿಗೆ ನಿಂತಿದ್ದಾರೆ. ಅಪ್ಪನಿಗೆ ನರೆತ ಗಡ್ಡ, ತಾಯಿಯ ಕೊರಳಲ್ಲಿ ಮುತ್ತು, ಮುಂದೆ ಇಬ್ಬರು ಹುಡುಗರು. ಒಬ್ಬನ ಮುಖವಿದ್ದಲ್ಲಿ ಕೆರೆದು ಹಾಕಿದ ಬೋಳು ಮರ.

ಕ್ಯಾರಕಲ್ಲಾ ಆಮೇಲೆ ಐದು ವರ್ಷ ಚಿಲ್ಲರೆ ಒಬ್ಬನೇ ಆಳಿದ. 212ರಲ್ಲಿ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ರೋಮಿನ ಪೌರತ್ವ ಕೊಟ್ಟವನು ಇವನೇ. ಸೈನಿಕರ ಸಂಬಳ ಏರಿಸುತ್ತಲೇ ಹೋದ, ಖಜಾನೆ ಸೋರಿತು. 217ರ ಏಪ್ರಿಲ್ 8ರಂದು ಮೆಸೊಪೊಟೇಮಿಯಾದ ಕಾರೇ ಊರಿನ ಹತ್ತಿರ ಒಬ್ಬ ಸೈನಿಕ ಅವನನ್ನು ಇರಿದು ಕೊಂದ. ಸಂಚಿನ ಹಿಂದೆ ಇದ್ದವನು ಪ್ರಿಟೋರಿಯನ್ ಪಡೆಯ ಮುಖ್ಯಸ್ಥ ಮ್ಯಾಕ್ರಿನಸ್. ಪಡೆಯ ಮುಖ್ಯಸ್ಥನ ಬಗ್ಗೆ ಅಪ್ಪ ಬಿಡಾರದಲ್ಲಿ ಆಡಿದ್ದ ಮಾತು ಇಲ್ಲಿ ನೆನಪಾಗುತ್ತದೆ, ಅಲ್ವಾ? ಆಂಟಿಯೋಕ್‌ನಲ್ಲಿದ್ದ ಜೂಲಿಯಾ ಡೋಮ್ನಾ ಸುದ್ದಿ ಕೇಳಿ, ಊಟ ಬಿಟ್ಟು, ಅದೇ ವರ್ಷ ಪ್ರಾಣ ಬಿಟ್ಟಳು.

ವಕೀಲರ ಜೊತೆ ನಡೆದ ವಾದ

ಸೆವೆರಸ್ ಎಡವಿದ್ದು ಮಕ್ಕಳನ್ನು ಸಮ ಮಾಡಿದ್ದರಲ್ಲಿ ಅಲ್ಲ ಅಂತ ನನ್ನ ಅಭಿಪ್ರಾಯ. ಹನ್ನೊಂದು ವರ್ಷ ಒಬ್ಬನನ್ನು ಎತ್ತರದಲ್ಲಿಟ್ಟು ಆಮೇಲೆ ಸಮ ಮಾಡಿದ, ಅಲ್ಲಿ ಎಡವಿದ. ಅಷ್ಟು ಹೊತ್ತಿಗೆ ಹಿರಿಯವನಿಗೆ ಅದು ತನ್ನ ಆಸ್ತಿ ಕಿತ್ತುಕೊಂಡ ಹಾಗೆ ಕಂಡಿರಬೇಕು. ಇನ್ನೊಂದು, ಇಬ್ಬರಿಗೂ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಡೆಯಬೇಕು ಅನ್ನುವುದನ್ನು ಅವನು ಎಲ್ಲೂ ಹೇಳಿಡಲಿಲ್ಲ. ಅವನು ಬದುಕಿರುವವರೆಗೆ ಆ ಜಾಗದಲ್ಲಿ ಅವನೇ ಇದ್ದ. ಹಾಗಾಗಿ ಆ ಜಾಗ ಖಾಲಿಯಿದೆ ಅಂತ ಯಾರಿಗೂ ಕಾಣಲಿಲ್ಲ. ತಾಯಿಗೆ ಎಲ್ಲ ಗೌರವವೂ ಇತ್ತು, 'ಸೈನ್ಯದ ಪಾಳೆಯಗಳ ತಾಯಿ' ಅನ್ನುವ ಬಿರುದೂ ಇತ್ತು. ಆಜ್ಞೆ ಕೊಡುವ ಅಧಿಕಾರ ಇರಲಿಲ್ಲ. ಅವಳ ಮಾತಿಗಿದ್ದ ಬೆಲೆಯನ್ನೇ ಬಳಸಿಕೊಂಡು ಒಬ್ಬ ಮಗ ಇನ್ನೊಬ್ಬ ಮಗನನ್ನು ಬಲೆಗೆ ಕೆಡವಿದ.

ಪಾಲಿನ ಯೋಜನೆಯನ್ನು ತಾಯಿ ತಡೆಯಬಾರದಿತ್ತೇ? ವಕೀಲರ ಪ್ರಕಾರ ತಡೆಯಬಾರದಿತ್ತು. "ಒಂದೇ ಸೂರಿನಡಿ ಎರಡು ಅಡುಗೆ ಶುರುವಾದ ಮೇಲೆ ಪಾಲು ಮಾಡಿ ದೂರ ಕಳಿಸೋದೇ ಪುಣ್ಯದ ಕೆಲಸ. ಒಟ್ಟಿಗಿರಿ ಅಂತ ಕಣ್ಣೀರು ಹಾಕಿದರೆ ಜಗಳ ನಿಲ್ಲಲ್ಲ" ಅಂದರು. ಅವರು ಉದಾಹರಣೆಯಾಗಿ ಎತ್ತಿಕೊಂಡದ್ದು 395ನೇ ಇಸವಿಯನ್ನು. ಆ ವರ್ಷ ರೋಮಿನ ಚಕ್ರವರ್ತಿ ಥಿಯೋಡೋಸಿಯಸ್ ತೀರಿಕೊಂಡಾಗ ಇಬ್ಬರು ಮಕ್ಕಳು ಸಾಮ್ರಾಜ್ಯ ಹಂಚಿಕೊಂಡರು. ಅರ್ಕೇಡಿಯಸ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಹೊನೋರಿಯಸ್ ಪಶ್ಚಿಮದಲ್ಲಿ. ಎರಡೂ ಆಸ್ಥಾನಗಳು ಕಿತ್ತಾಡಿದವು. ಆದರೂ ಅಣ್ಣ 408ರಲ್ಲಿ, ತಮ್ಮ 423ರಲ್ಲಿ, ಇಬ್ಬರೂ ಸಹಜವಾಗಿಯೇ ಸತ್ತರು.

ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. 395ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿ 65 ವರ್ಷವಾಗಿತ್ತು. ಅದಕ್ಕೆ ತನ್ನದೇ ಸೆನೆಟ್, ತನ್ನದೇ ಅಧಿಕಾರಿಗಳು, ತನ್ನದೇ ಸೈನ್ಯ ಇತ್ತು. 211ರಲ್ಲಿ ಗೇಟಾನಿಗೆ ಇದ್ಯಾವುದೂ ಇರಲಿಲ್ಲ. ಅಪ್ಪನಿಗೆ ಪಟ್ಟ ಕಟ್ಟಿದ ಡ್ಯಾನ್ಯೂಬ್ ಗಡಿಯ ಸೈನ್ಯ ಅಣ್ಣನ ಪಾಲಿಗೆ ಹೋಗುತ್ತಿತ್ತು. ರೋಮಿನ ಜನ ಉಣ್ಣುವ ಗೋಧಿಯಲ್ಲಿ ದೊಡ್ಡ ಪಾಲು ಬರುತ್ತಿದ್ದ ಈಜಿಪ್ಟ್ ತಮ್ಮನ ಕೈಗೆ ಬರುತ್ತಿತ್ತು. ಗೋಧಿಯ ಹಡಗು ಒಂದು ಚಳಿಗಾಲ ತಡವಾದರೂ ಯುದ್ಧಕ್ಕೆ ನೆಪ ಸಿಕ್ಕಂತೆ. ಅಷ್ಟೇ ಅಲ್ಲ, ಆ ಯೋಜನೆ ಮಾಡಿದವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ ಅನ್ನುವುದಕ್ಕೆ ಯೋಜನೆಯಲ್ಲೇ ಒಂದು ಅಂಶವಿದೆ. ಏಷ್ಯಾ, ಯೂರೋಪ್ ನಡುವಿನ ಜಲಸಂಧಿಯ ಆ ದಡದಲ್ಲಿ ಚಾಲ್ಸೆಡಾನ್‌ನಲ್ಲಿ ಗೇಟಾನ ಸೈನ್ಯ ಬೀಡುಬಿಡಬೇಕು, ಈ ದಡದಲ್ಲಿ ಬೈಜಾಂಟಿಯಮ್‌ನಲ್ಲಿ ಕ್ಯಾರಕಲ್ಲಾನ ಸೈನ್ಯ. ಇದು ನೈಗರ್‌ನ ಪರ ನಿಂತಿತು ಅಂತ ಸೆವೆರಸ್ ಎರಡು ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿ, ಸೋಲಿಸಿ, ಗೋಡೆ ಕೆಡವಿಸಿದ್ದ ಅದೇ ಬೈಜಾಂಟಿಯಮ್.